ನೀರು ಸರಿಹೋಯಿತು, ಮೀನು ಸರಿಹೋಗಲಿಲ್ಲ: ಹೊಟ್ಟೆಯಲ್ಲಿ ದೋಷ ಹುಡುಕುವ ಬಗೆ

ಇದು ಹೊಂಡದಲ್ಲಿ ಗೆಂಡೆ ಮೀನು ಸಾಕುವವರಿಗೆ. ಕಾಟ್ಲಾ, ರೋಹು, ಮೃಗಾಲ್, ಸಾಮಾನ್ಯ ಗೆಂಡೆ, ಯಾವುದಾದರೂ ಸರಿ. ದೋಷ ಹೀಗಿರುತ್ತದೆ. ಬಿಸಿಲು ಜೋರಾಗಿತ್ತು, ಇಲ್ಲವೇ ಒಂದು ರಾತ್ರಿ ಆಮ್ಲಜನಕ ಬಿದ್ದುಹೋಗಿತ್ತು, ಇಲ್ಲವೇ ಹೊಂಡದ ತುಂಬ ಹಸಿರು ಪಾಚಿ ಎದ್ದಿತ್ತು. ನೀವು ಮಾಡಬೇಕಾದ್ದೆಲ್ಲ ಮಾಡಿದಿರಿ. ಹೊಸ ನೀರು ಬಿಟ್ಟಿರಿ, ನೀರಿಗೆ ಗಾಳಿ ಬೆರೆಸುವ ಏರೇಟರ್ ಓಡಿಸಿದಿರಿ. ಈಗ ನೀರು ಪರೀಕ್ಷೆಯ ಕಿಟ್‌ನಲ್ಲಿ ನೋಡಿದರೆ ಎಲ್ಲವೂ ಸರಿ. ಆದರೆ ವಾರ ಕಳೆದರೂ ಮೀನು ಮೊದಲಿನ ಹಾಗೆ ತಿನ್ನುತ್ತಿಲ್ಲ. ಗೂಟಕ್ಕೆ ಕಟ್ಟಿದ ಮೇವಿನ ಚೀಲ ಸಂಜೆಗೂ ಅರ್ಧ ಹಾಗೇ ಇದೆ. ತೂಕ ಏರುತ್ತಿಲ್ಲ. ದಿನಕ್ಕೆ ಒಂದೋ ಎರಡೋ ಮೀನು ದಡಕ್ಕೆ ಬಂದು ಸಾಯುತ್ತಿವೆ.

ಈ ಹಂತದಲ್ಲಿ ನಾವೆಲ್ಲ ಔಷಧಿ ಅಂಗಡಿಗೆ ಹೋಗುತ್ತೇವೆ. ನಾನೂ ಹೋಗಿದ್ದೆ. ನನ್ನದು ಹತ್ತು ಗುಂಟೆ ಹೊಂಡ. ಭರಣಿ ಮಳೆ ಒಮ್ಮೆಲೇ ಸುರಿದ ಮರುದಿನ ಬೆಳಿಗ್ಗೆ ಮೀನೆಲ್ಲ ಮೇಲೆ ಬಂದು ಬಾಯಿ ಬಿಡುತ್ತಿದ್ದವು. ಪಂಪು ಓಡಿಸಿ ಉಳಿಸಿಕೊಂಡೆ. ನಾಲ್ಕು ದಿನವಾದರೂ ಮೇವು ಮುಟ್ಟಲಿಲ್ಲ ಅಂತ ಅಂಗಡಿಯವರು ಕೊಟ್ಟ ಆ್ಯಂಟಿಬಯೋಟಿಕ್ ಪುಡಿಯನ್ನು ಮೇವಿಗೆ ಕಲೆಸಿ ಹಾಕಿದೆ. ಎರಡು ದಿನ ಚೆನ್ನಾಗಿ ತಿಂದ ಹಾಗೆ ಕಂಡಿತು. ಆಮೇಲೆ ಮೊದಲಿಗಿಂತ ಕೆಟ್ಟಿತು. ನಾನು ನೀರಿಗೆ ಔಷಧಿ ಮಾಡಿದೆ, ಮೀನಿಗೂ ಮಾಡಿದೆ. ಮೀನಿನ ಹೊಟ್ಟೆಯೊಳಗೆ ಇನ್ನೊಂದು ಸಂಸಾರ ಇದೆ ಅನ್ನುವುದು ಆಗ ತಲೆಗೇ ಬಂದಿರಲಿಲ್ಲ.

ಮೊದಲು ನೀರು, ಅದೂ ಎರಡು ಹೊತ್ತು

ಹೊಟ್ಟೆಯ ಮಾತಿಗೆ ಹೋಗುವ ಮುಂಚೆ ನೀರು ನಿಜವಾಗಿಯೂ ಸರಿಯಿದೆಯಾ ಅಂತ ಗಟ್ಟಿ ಮಾಡಿಕೊಳ್ಳಿ. ಪಕ್ಕದೂರಿನ ಹುಡುಗನೊಬ್ಬ ಫೋನ್ ಮಾಡಿದ್ದ. "ಅಣ್ಣಾ, ನೀರೆಲ್ಲ ಟೆಸ್ಟ್ ಮಾಡ್ದೆ, ಏನೂ ತೊಂದ್ರೆ ಇಲ್ಲ" ಅಂದ. ಎಷ್ಟು ಗಂಟೆಗೆ ಮಾಡಿದೆಯಪ್ಪಾ ಅಂದೆ. ಹನ್ನೊಂದು ಗಂಟೆಗೆ ಅಂದ. ಹನ್ನೊಂದು ಗಂಟೆಗೆ ಯಾವ ಹೊಂಡದ ನೀರೂ ಒಳ್ಳೆಯದೇ ಅಲ್ವಾ?

ಆಮ್ಲಜನಕ ಅತಿ ಕಡಿಮೆ ಇರುವುದು ಸೂರ್ಯ ಹುಟ್ಟುವ ಸ್ವಲ್ಪ ಮುಂಚೆ. ರಾತ್ರಿಯಿಡೀ ಮೀನು, ಪಾಚಿ, ತಳದ ಕೆಸರು ಎಲ್ಲವೂ ಅದನ್ನು ಬಳಸುತ್ತವೆ, ಹುಟ್ಟಿಸುವವರು ಯಾರೂ ಇಲ್ಲ. ಬೆಳಿಗ್ಗೆ ಐದೂವರೆಗೆ ನೋಡಿ. 5 ಪಿಪಿಎಂ, ಅಂದರೆ ಲೀಟರ್ ನೀರಿಗೆ 5 ಮಿಲಿಗ್ರಾಂ, ಮೇಲಿದ್ದರೆ ನಿಶ್ಚಿಂತೆ. 3ಕ್ಕಿಂತ ಕೆಳಗೆ ಇಳಿದರೆ ಮೀನು ದಿನವೂ ಕಷ್ಟಪಡುತ್ತಿದೆ ಅಂತಲೇ ಅರ್ಥ, ಹಗಲು ಎಷ್ಟೇ ಇರಲಿ.

ಪಿಎಚ್ (ನೀರು ಎಷ್ಟು ಹುಳಿ, ಎಷ್ಟು ಕ್ಷಾರ ಅನ್ನುವ ಅಳತೆ) ಮತ್ತು ಅಮೋನಿಯಾ ನೋಡುವುದು ಮಧ್ಯಾಹ್ನ ಮೂರರ ಸುಮಾರಿಗೆ. ಕಾರಣ ಇದೆ. ಕಿಟ್ ತೋರಿಸುವ ಅಮೋನಿಯಾ ಎಲ್ಲವೂ ವಿಷವಲ್ಲ. ನೀರು 25 ಡಿಗ್ರಿ ಇದ್ದು ಪಿಎಚ್ 7 ಇದ್ದರೆ ಅದರಲ್ಲಿ ವಿಷದ ರೂಪ ಶೇಕಡಾ ಒಂದಕ್ಕೂ ಕಡಿಮೆ. ಪಿಎಚ್ 8 ಆದರೆ ಸುಮಾರು 5. ಪಿಎಚ್ 9 ಆದರೆ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ. ಹಸಿರು ಹೊಂಡದಲ್ಲಿ ಮಧ್ಯಾಹ್ನ ಪಿಎಚ್ 9 ಮುಟ್ಟುವುದು ದೊಡ್ಡ ವಿಷಯವೇ ಅಲ್ಲ. ಅದಕ್ಕೇ ಮೀನು ಸೊರಗಿತು ಅಂದ ಕೂಡಲೇ ಸುಣ್ಣ ಎರಚುವ ಅಭ್ಯಾಸ ಬಿಡಿ. ಸುಣ್ಣ ಪಿಎಚ್ ಏರಿಸುತ್ತದೆ, ಅಮೋನಿಯಾ ಇರುವ ನೀರಿಗೆ ಹಾಕಿದರೆ ಇದ್ದ ವಿಷವನ್ನು ನೀವೇ ಹೆಚ್ಚಿಸಿದ ಹಾಗೆ.

ನೀರು ಎರಡು ಹೊತ್ತೂ ಪಾಸಾದರೆ ಒಂದು ಮೀನು ಹಿಡಿದು ಮೈ ನೋಡಿ. ಮೀನಿನ ಹೇನು ಬರಿಗಣ್ಣಿಗೇ ಕಾಣುತ್ತದೆ, ಚಪ್ಪಟೆ, ಅರೆಪಾರದರ್ಶಕ, ಮೈಮೇಲೆ ಸರಿದಾಡುತ್ತದೆ. ಕಿವಿರು ಎತ್ತಿ ನೋಡಿ. ಕೆಂಪಗಿದ್ದರೆ ಸರಿ, ಮಾಸಲು ಬಿಳಿ ಅಥವಾ ಕಂದು ಇದ್ದರೆ ತೊಂದರೆ ಅಲ್ಲೇ ಇದೆ. ಹೇನು, ಕಿವಿರು ಎರಡೂ ಅಲ್ಲ ಅಂದಾಗ ಮಾತ್ರ ಮುಂದಕ್ಕೆ ಓದಿ.

ಒಂದು ಮೀನು ಕೊಯ್ದು ನೋಡಿ

ಇದಕ್ಕೆ ಮನಸ್ಸು ಮಾಡಲೇಬೇಕು. ಸತ್ತು ತೇಲಿದ ಮೀನು ಉಪಯೋಗಕ್ಕೆ ಬರುವುದಿಲ್ಲ. ಬೇಸಿಗೆಯಲ್ಲಿ ಅದರ ಕರುಳು ಕೆಲವೇ ಗಂಟೆಯಲ್ಲಿ ಕರಗಿ ಕೊಳೆತಿರುತ್ತದೆ. ಬೀಸುಬಲೆ ಹಾಕಿ, ಸೊರಗಿದ ಹಾಗೆ ಕಾಣುವ ಜೀವಂತ ಮೀನು ಎರಡು ಹಿಡಿಯಿರಿ. ಮೇವು ಹಾಕಿ ಎರಡು ಗಂಟೆ ಆದ ಮೇಲೆ ಹಿಡಿದರೆ ಒಳ್ಳೆಯದು.

ಕೊಯ್ಯುವ ಮೊದಲು ಹೊಟ್ಟೆಯನ್ನು ಹೆಬ್ಬೆರಳಿನಿಂದ ಹಿಂದಕ್ಕೆ ಮೆಲ್ಲಗೆ ಒತ್ತಿ. ಆರೋಗ್ಯದ ಮೀನಿನಿಂದ ಹಸಿರು ಅಥವಾ ಕಂದು ಬಣ್ಣದ ಮಲ ಬರುತ್ತದೆ, ತುಂಡಾಗಿ ಉದುರುತ್ತದೆ. ಬಿಳಿ ದಾರದ ಹಾಗೆ ಎಳೆಎಳೆಯಾಗಿ ಜೋತಾಡಿದರೆ ಅದು ಮಲವಲ್ಲ, ಕರುಳಿನ ಒಳಪದರದ ಲೋಳೆ ಕಿತ್ತು ಬರುತ್ತಿರುವುದು.

ಈಗ ಗುದದ ಹತ್ತಿರ ಕತ್ತರಿಯ ತುದಿ ಇಟ್ಟು ತಲೆಯ ಕಡೆಗೆ ಹೊಟ್ಟೆಯ ಮೇಲ್ಪದರವನ್ನಷ್ಟೇ ಬಿಡಿಸಿ. ಆಳಕ್ಕೆ ಚುಚ್ಚಬೇಡಿ, ಪಿತ್ತಕೋಶ ಒಡೆದರೆ ಎಲ್ಲಾ ಹಸಿರಾಗಿ ಏನೂ ಗೊತ್ತಾಗುವುದಿಲ್ಲ. ರೋಹುವಿನ ಕರುಳು ಮೊದಲ ಸಲ ನೋಡಿದವರಿಗೆ ಆಶ್ಚರ್ಯವಾಗುತ್ತದೆ. ಮೀನಿನ ಉದ್ದಕ್ಕಿಂತ ಹಲವು ಪಟ್ಟು ಉದ್ದ, ಸುತ್ತಿ ಸುತ್ತಿ ಚಕ್ಕುಲಿಯ ಹಾಗೆ ಕೂತಿರುತ್ತದೆ. ಗೆಂಡೆ ಜಾತಿಗೆ ಜಠರವೇ ಇಲ್ಲ. ನಮ್ಮ ಹೊಟ್ಟೆಯ ಹಾಗೆ ಆಮ್ಲ ಸುರಿಸಿ ಕೆಟ್ಟ ಬ್ಯಾಕ್ಟೀರಿಯಾಗಳನ್ನು ಬಾಗಿಲಲ್ಲೇ ಕೊಲ್ಲುವ ವ್ಯವಸ್ಥೆ ಅದಕ್ಕಿಲ್ಲ. ಬಾಯಿಂದ ಹೋದದ್ದು ನೇರ ಕರುಳಿಗೆ. ಹಾಗಾಗಿ ಕಾವಲು ಕಾಯುವ ಕೆಲಸದಲ್ಲಿ ಬಹುಪಾಲು ಕರುಳಿನ ಲೋಳೆ ಮತ್ತು ಅದರಲ್ಲಿ ಮನೆ ಮಾಡಿರುವ ಸೂಕ್ಷ್ಮಜೀವಿಗಳ ಮೇಲೇ ಬೀಳುತ್ತದೆ.

ಕೊಯ್ದ ಮೇಲೆ ನಾನು ನೋಡುವುದು ಮೂರು ಚಿತ್ರಗಳಲ್ಲಿ ಯಾವುದು ಅಂತ.

ಕರುಳು ಖಾಲಿ, ಗೋಡೆಯ ಬಣ್ಣ ಸಹಜ, ಪಿತ್ತಕೋಶ ಮಾತ್ರ ಉಬ್ಬಿ ಕಡು ಹಸಿರಾಗಿದೆ. ಇದು ಮೀನು ಕೆಲವು ದಿನದಿಂದ ತಿಂದೇ ಇಲ್ಲ ಅನ್ನುವುದಕ್ಕೆ ಸಾಕ್ಷಿ. ತಿಂದರೆ ಪಿತ್ತ ಖರ್ಚಾಗುತ್ತದೆ, ತಿನ್ನದಿದ್ದರೆ ಶೇಖರವಾಗುತ್ತದೆ. ಇಂಥದ್ದು ಕಂಡರೆ ಮತ್ತೆ ನೀರಿನ ಕಡೆಗೇ ಹೋಗಿ. ಯಾವುದೋ ಒಂದು ಹೊತ್ತಿನಲ್ಲಿ ಏನೋ ತಪ್ಪುತ್ತಿದೆ.

ಎರಡನೆಯದು: ಕರುಳಿನಲ್ಲಿ ಮೇವು ಇದೆ, ಆದರೆ ಹಿಂಡಿಯ ಚೂರು ಹಿಂಡಿಯಾಗಿಯೇ ಹಿಂಬದಿಯವರೆಗೂ ಬಂದಿದೆ. ನಡುನಡುವೆ ಗಾಳಿಗುಳ್ಳೆ, ಬಿಳಿ ಲೋಳೆ. ಗೋಡೆ ತೆಳ್ಳಗಾಗಿ ಆಚೆಬದಿ ಕಾಣುವ ಹಾಗಿದೆ. ಮೀನು ತಿನ್ನುತ್ತಿದೆ, ಅರಗುತ್ತಿಲ್ಲ. ಈ ಬರಹ ಇರುವುದೇ ಈ ಎರಡನೆಯ ಚಿತ್ರಕ್ಕಾಗಿ.

ಕರುಳು ಕೆಂಪಾಗಿ ಊದಿದೆ, ಒಳಗೆ ಹಳದಿ ನೀರು, ಗುದದ್ವಾರವೂ ಕೆಂಪು ಅಂದರೆ ಅದು ಕರುಳಿನ ಸೋಂಕು. ಅದಕ್ಕೆ ಮನೆಮದ್ದಿಲ್ಲ. ಕೊನೆಯ ಭಾಗಕ್ಕೆ ಹೋಗಿ.

ಒಳಗೆ ಏನು ಕೆಟ್ಟಿದೆ

ಮರಿ ಮೊಟ್ಟೆಯಿಂದ ಹೊರಬಂದು ಬಾಯಿ ತೆರೆದ ಗಳಿಗೆಯಿಂದ ನೀರಿನ ಬ್ಯಾಕ್ಟೀರಿಯಾ ಒಳಗೆ ಹೋಗುತ್ತವೆ. ಬಂದವೆಲ್ಲ ಉಳಿಯುವುದಿಲ್ಲ, ಕರುಳಿಗೆ ಒಗ್ಗುವವು ಮಾತ್ರ ಉಳಿಯುತ್ತವೆ. ಸಿಹಿನೀರಿನ ಮೀನುಗಳಲ್ಲಿ ಹೀಗೆ ನೆಲೆ ನಿಂತವರಲ್ಲಿ ಮುಖ್ಯವಾದದ್ದು ಸೀಟೋಬ್ಯಾಕ್ಟೀರಿಯಂ. ತಮಾಷೆ ಅಂದರೆ ಈ ಕುಲವನ್ನು ಮೊದಲು ಗುರುತಿಸಿದ್ದು ಸಮುದ್ರದ ಸಸ್ತನಿಗಳಲ್ಲಿ. ಸೀಟೋ ಅಂದರೆ ತಿಮಿಂಗಿಲ. ಹೆಸರಿನಲ್ಲಿ ತಿಮಿಂಗಿಲ, ವಾಸ ಗೆಂಡೆಯ ಕರುಳಿನಲ್ಲಿ. ಇದಕ್ಕೆ ಆಮ್ಲಜನಕ ಆಗಿಬರುವುದಿಲ್ಲ, ಕರುಳಿನ ಗಾಳಿಯಿಲ್ಲದ ಮೂಲೆಯಲ್ಲೇ ಬದುಕುತ್ತದೆ. ಬಾಡಿಗೆಯಾಗಿ ಬಿ12 ಜೀವಸತ್ವ ತಯಾರಿಸಿ ಕೊಡುತ್ತದೆ. ಸಿಹಿನೀರಿನ ಮೀನಿನ ಕರುಳಿನ ಬ್ಯಾಕ್ಟೀರಿಯಾ ಬಿ12 ತಯಾರಿಸುತ್ತವೆ ಅಂತ ಜಪಾನಿನ ಸಂಶೋಧಕರು 1991ರಲ್ಲೇ ಬರೆದಿದ್ದರು. ಇನ್ನು ಕೆಲವು ಜೀವಿಗಳು ತೌಡು, ಸೊಪ್ಪಿನ ನಾರನ್ನು ಒಡೆದು ಕೊಡುತ್ತವೆ. ಹಾಗೆ ಒಡೆದಾಗ ಬರುವ ಅಸಿಟೇಟ್‌ನಂಥ ಸಣ್ಣ ಆಮ್ಲಗಳು ಮೀನಿಗೆ ಉರುವಲು.

ಮೀನಿಗೆ ಪೆಟ್ಟು ಬಿದ್ದಾಗ, ಅದು ಬಿಸಿಯಾಗಲಿ, ಉಸಿರುಗಟ್ಟುವುದಾಗಲಿ, ಬಲೆಯಲ್ಲಿ ಒದ್ದಾಡುವುದಾಗಲಿ, ಮೈಯಲ್ಲಿ ಕಾರ್ಟಿಸಾಲ್ ಅನ್ನುವ ಒತ್ತಡದ ಹಾರ್ಮೋನ್ ಏರುತ್ತದೆ. ಕರುಳಿಗೆ ಹೋಗುವ ರಕ್ತ ಕಡಿಮೆಯಾಗುತ್ತದೆ. ಲೋಳೆ ಕಳಚುತ್ತದೆ, ಅದರ ಜೊತೆ ಅಲ್ಲಿದ್ದವರೂ ಕೊಚ್ಚಿ ಹೋಗುತ್ತಾರೆ. ಖಾಲಿಯಾದ ಜಾಗಕ್ಕೆ ಬೇಗ ಬೆಳೆಯುವವರು ನುಗ್ಗುತ್ತಾರೆ. ಅವರಲ್ಲಿ ಏರೋಮೊನಾಸ್ ಮುಖ್ಯ. ಇದೇನೂ ಹೊರಗಿನಿಂದ ಬಂದ ಶತ್ರುವಲ್ಲ. ಎಲ್ಲಾ ಹೊಂಡದ ನೀರಿನಲ್ಲೂ ಇರುತ್ತದೆ, ಗಟ್ಟಿಮುಟ್ಟಾದ ಮೀನಿನ ಕರುಳಿನಲ್ಲೂ ಸ್ವಲ್ಪ ಇರುತ್ತದೆ. ಮನೆಯವರು ಇದ್ದಾಗ ಜಗುಲಿಯಲ್ಲಿ ಸುಮ್ನೆ ಕೂತಿರುತ್ತದೆ. ಮನೆ ಖಾಲಿಯಾದರೆ ಒಳಗೆ ಬರುತ್ತದೆ. ಮೈಮೇಲೆ ಕೆಂಪು ಹುಣ್ಣು, ನೀರು ತುಂಬಿದ ಹೊಟ್ಟೆ ಎಲ್ಲ ಆಮೇಲಿನ ಕಥೆ.

ನೀರು ಒಂದೇ ದಿನದಲ್ಲಿ ಸರಿಹೋಗುತ್ತದೆ. ಈ ಮನೆ ಮತ್ತೆ ತುಂಬಲು ದಿನಗಳು, ಕೆಲವೊಮ್ಮೆ ವಾರಗಳು ಬೇಕು. ಕಿಟ್‌ಗೂ ಮೀನಿಗೂ ಹೊಂದಾಣಿಕೆ ಆಗದಿರುವುದು ಇಲ್ಲೇ.

ಪೆಟ್ಟು ಯಾವುದು ಅಂತ ಪತ್ತೆ ಮಾಡಿ

ಹಿಂದಿನ ಹದಿನೈದು ದಿನದ ಡೈರಿ ತೆಗೆಯಿರಿ. ಡೈರಿ ಇಲ್ಲ ಅಂದರೆ ಇವತ್ತಿನಿಂದಲೇ ಶುರು ಮಾಡಿ, ಬೈಯುವುದಿಲ್ಲ.

ಬಿಸಿ. ಮೀನಿನ ಕರುಳಿಗೆ ಸ್ವಂತ ಉಷ್ಣತೆ ಇಲ್ಲ, ನೀರು ಎಷ್ಟೋ ಕರುಳೂ ಅಷ್ಟೇ. ಇದರ ಬಗ್ಗೆ ಅಮೆರಿಕದ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದವರ ಒಂದು ಪ್ರಯೋಗ ನನಗೆ ತುಂಬ ಇಷ್ಟ. 2022ರಲ್ಲಿ ಪ್ರಕಟವಾದದ್ದು. ಹಸಿರು ಕಪ್ಪೆಯ ಗೊದಮೊಟ್ಟೆಗಳನ್ನು ಎರಡು ಗುಂಪು ಮಾಡಿದರು. ಒಂದಕ್ಕೆ ಕೊಳದ ನೀರು ಹಾಗೇ. ಇನ್ನೊಂದಕ್ಕೆ ಅದೇ ನೀರನ್ನು ಆವಿಯಲ್ಲಿ ಬೇಯಿಸಿ, ಸೂಕ್ಷ್ಮಜೀವಿಗಳನ್ನು ಕೊಂದು ಕೊಟ್ಟರು. ನಮ್ಮ ಲೆಕ್ಕದಲ್ಲಿ ಎರಡನೆಯದು ಶುದ್ಧ ನೀರು ಅಲ್ವಾ? ಬಿಸಿ ಏರಿಸಿದಾಗ ಮೊದಲು ಸೋತದ್ದು ಆ ಶುದ್ಧ ನೀರಿನವೇ. ಹೊಟ್ಟೆಯಲ್ಲಿ ಸೂಕ್ಷ್ಮಜೀವಿ ಕಡಿಮೆಯಾದವು ಬಿಸಿಯನ್ನೂ ಕಡಿಮೆ ತಡೆದವು. ಹೊಂಡಕ್ಕೆ ಮೇಲಿಂದ ಮೇಲೆ ಬ್ಲೀಚಿಂಗ್ ಪುಡಿ ಸುರಿಯುವವರು ಇದನ್ನು ಯೋಚಿಸಬೇಕು. ಮೂರು ಅಡಿಗಿಂತ ಕಡಿಮೆ ನೀರಿರುವ ಹೊಂಡ ಏಪ್ರಿಲ್‌ನಲ್ಲಿ ತಳದವರೆಗೂ ಕಾಯುತ್ತದೆ. ಅಲ್ಲಿ ಇದೇ ಮೊದಲ ಅನುಮಾನ.

ಚಳಿಯದ್ದೂ ಹೀಗೇ. ಇಸ್ರೇಲ್‌ನಲ್ಲಿ ನೀಲಿ ತಿಲಾಪಿಯಾವನ್ನು ಚಳಿ ತಡೆಯುವ ಮೀನು, ತಡೆಯದ ಮೀನು ಅಂತ ಬೇರೆ ಮಾಡಿ 24 ಮತ್ತು 12 ಡಿಗ್ರಿಯಲ್ಲಿ ಹೋಲಿಸಿದ್ದರು. ಚಳಿ ತಡೆಯುವ ಮೀನಿನ ಹೊಟ್ಟೆಯ ಜೀವಿಗಳು ತಂಪಿಗೆ ಅಷ್ಟಾಗಿ ಅಲ್ಲಾಡಲಿಲ್ಲ. ನಮ್ಮಲ್ಲಿ ಬಯಲುಸೀಮೆಯ ಡಿಸೆಂಬರ್ ರಾತ್ರಿಗಳಲ್ಲಿ ನೀರು ತಣ್ಣಗಾದಾಗ ಅದೇ ಬೇಸಿಗೆಯ ಅಳತೆಯಲ್ಲಿ ಹಿಂಡಿ ಸುರಿಯುವುದು ದೊಡ್ಡ ತಪ್ಪು. ಅರಗದೆ ಉಳಿದದ್ದು ಬೇಡದವರಿಗೆ ಊಟ.

ಪಾಚಿ. ನೀರಿನ ಮೇಲೆ ಹಸಿರು ಪೇಂಟ್ ಚೆಲ್ಲಿದ ಹಾಗೆ ಪದರ ಕಟ್ಟಿ, ಗಾಳಿ ಬೀಸಿದ ಕಡೆಯ ಮೂಲೆಗೆ ಸೇರಿಕೊಂಡರೆ ಅದು ಹೆಚ್ಚಾಗಿ ಮೈಕ್ರೋಸಿಸ್ಟಿಸ್. ಇದರ ಕೆಲವು ಬಗೆ ವಿಷ ಮಾಡುತ್ತವೆ. ಬೆಲ್ಜಿಯಂನ ಲ್ಯೂವೆನ್ ವಿಶ್ವವಿದ್ಯಾಲಯದವರು 2017ರಲ್ಲಿ ಡಾಫ್ನಿಯಾ ಮೇಲೆ ಮಾಡಿದ ಕೆಲಸ ಇಲ್ಲಿ ನೆನಪಾಗುತ್ತದೆ. ಡಾಫ್ನಿಯಾ ಅಂದರೆ ನೀರಿನಲ್ಲಿ ಚಿಗಟದ ಹಾಗೆ ಕುಪ್ಪಳಿಸುವ, ಮರಿಮೀನಿಗೆ ಪ್ರಿಯವಾದ ಆ ಚಿಕ್ಕ ಹುಳು. ಅದು ಪಾಚಿ ಸೋಸಿ ತಿಂದೇ ಬದುಕುವುದು. ವಿಷದ ಪಾಚಿಯನ್ನು ಕೆಲವು ತಳಿ ತಡೆಯುತ್ತವೆ, ಕೆಲವು ತಡೆಯುವುದಿಲ್ಲ. ಅವರು ಸೂಕ್ಷ್ಮಜೀವಿಗಳಿಲ್ಲದ ಹಾಗೆ ಬೆಳೆಸಿದ ಮರಿಗಳಿಗೆ, ವಿಷದ ಪಾಚಿ ತಿಂದು ಪಳಗಿದ ದೊಡ್ಡವುಗಳ ಹೊಟ್ಟೆಯ ಜೀವಿಗಳನ್ನು ಕೊಟ್ಟರು. ಪಡೆದ ಮರಿಗಳೂ ಪಾಚಿಯನ್ನು ಚೆನ್ನಾಗಿ ತಡೆದುಕೊಂಡವು. ತಡೆಯುವ ಶಕ್ತಿಯ ಒಂದು ಪಾಲು ಪ್ರಾಣಿಯದ್ದಲ್ಲ, ಅದರ ಹೊಟ್ಟೆಯಲ್ಲಿರುವವರದ್ದು. ಡಾಫ್ನಿಯಾ ಮೀನಲ್ಲ, ನಿಜ. ಈ ಪ್ರಯೋಗ ನೆಪ ಮಾಡಿಕೊಂಡು ನಮ್ಮ ಗೆಂಡೆಗೆ ವಿಷದ ಪಾಚಿ ಅಭ್ಯಾಸ ಮಾಡಿಸಲು ಹೋಗಬೇಡಿ. ಆದರೆ ಹದವಾಗಿ ಹಸಿರಾದ ನೀರಿನಲ್ಲಿ ಬೆಳೆದ ಮರಿ ಮತ್ತು ಬೋರ್‌ವೆಲ್ ನೀರಿನ ತೊಟ್ಟಿಯಲ್ಲಿ ಬೆಳೆದ ಮರಿ ಎರಡನ್ನೂ ಒಂದೇ ಹೊಂಡಕ್ಕೆ ಬಿಟ್ಟಾಗ ನನ್ನ ಅನುಭವದಲ್ಲಿ ಮೊದಲನೆಯವು ಗಟ್ಟಿ.

ಕೊನೆಯದು ನಾವೇ ಕೊಟ್ಟ ಪೆಟ್ಟು. ಆ್ಯಂಟಿಬಯೋಟಿಕ್‌ಗೆ ಒಳ್ಳೆಯವರು ಕೆಟ್ಟವರು ಅನ್ನುವ ಭೇದ ಗೊತ್ತಿಲ್ಲ. ನನ್ನ ಹೊಂಡದಲ್ಲಿ ಆ ಎರಡು ದಿನ ಚೆನ್ನಾಗಿ ಕಂಡದ್ದು ಎಲ್ಲರನ್ನೂ ಒಟ್ಟಿಗೆ ಒರೆಸಿ ಹಾಕಿದ್ದರಿಂದ ಅಂತ ಈಗ ಅನ್ನಿಸುತ್ತದೆ. ಆಮೇಲೆ ಮೊದಲು ವಾಪಸ್ ಬಂದವರು ಬೇಡದವರೇ. ಇನ್ನೊಂದು ಮಾತು. ತಿನ್ನುವ ಮೀನಿಗೆ ಕ್ಲೋರಾಂಫೆನಿಕಾಲ್, ನೈಟ್ರೋಫ್ಯುರಾನ್ ಜಾತಿಯ ಔಷಧಿ ಬಳಸುವುದು ನಮ್ಮ ದೇಶದಲ್ಲಿ ನಿಷಿದ್ಧ. ಹೆಸರಿಲ್ಲದ ಪೊಟ್ಟಣದ ಪುಡಿ ಯಾರು ಕೊಟ್ಟರೂ ತರಬೇಡಿ.

ಸರಿಪಡಿಸುವುದು

ಮೊದಲ ದಿನ ಮೇವು ಪೂರ್ತಿ ನಿಲ್ಲಿಸಿ. ಒಂದೇ ದಿನ, ಅದಕ್ಕಿಂತ ಜಾಸ್ತಿ ಬೇಡ. ಉಪವಾಸ ಉದ್ದವಾದರೆ ಹೊಟ್ಟೆಯಲ್ಲಿ ಉಳಿದಿರುವ ಒಳ್ಳೆಯವರೂ ಹಸಿದು ಹೋಗುತ್ತಾರೆ.

ಎರಡನೇ ದಿನದಿಂದ ಕಾಲು ಪಾಲು ಕೊಡಿ. ಲೆಕ್ಕ ಹೀಗೆ. ಸಾವಿರ ಮೀನು, ಸರಾಸರಿ 300 ಗ್ರಾಂ ಅಂದರೆ ಹೊಂಡದಲ್ಲಿ 300 ಕೆಜಿ ಮೀನಿದೆ. ಮಾಮೂಲಿಯಾಗಿ ಶೇಕಡಾ 2ರಂತೆ ದಿನಕ್ಕೆ 6 ಕೆಜಿ ಹಾಕುತ್ತೀರಿ. ಈಗ ಒಂದೂವರೆ ಕೆಜಿ. ಅದನ್ನೂ ಎರಡು ಹೊತ್ತು ಮಾಡಿ, ಬಿಸಿಲು ಬಂದು ನೀರಿಗೆ ಆಮ್ಲಜನಕ ಸೇರಿದ ಮೇಲೆ, ಅಂದರೆ ಒಂಬತ್ತರ ನಂತರ. ಚೀಲ ಖಾಲಿಯಾದರೆ ಮಾತ್ರ ಎರಡು ದಿನಕ್ಕೊಮ್ಮೆ ಸ್ವಲ್ಪ ಏರಿಸಿ. ಪೂರ್ತಿ ಅಳತೆಗೆ ಬರಲು ಹತ್ತು ದಿನ ತೆಗೆದುಕೊಂಡರೂ ಪರವಾಗಿಲ್ಲ. ಹಿಂಡಿ ಕಡಿಮೆ ಮಾಡಿ, ತೌಡು ಜಾಸ್ತಿ ಮಾಡಿ. ಅರಗದ ಪ್ರೋಟೀನ್ ಕೊನೆಗೆ ಅಮೋನಿಯಾ ಆಗಿ ನೀರಿಗೇ ಬರುತ್ತದೆ.

ನಾನು ತೌಡನ್ನು ಹುದುಗಿಸಿ ಕೊಡುತ್ತೇನೆ. ಹತ್ತು ಕೆಜಿ ಅಕ್ಕಿ ತೌಡು, ಒಂದು ಕೆಜಿ ಬೆಲ್ಲ, ಬೇಕರಿಯವರು ಬಳಸುವ ಈಸ್ಟ್ 50 ಗ್ರಾಂ, ಮುದ್ದೆ ಹದಕ್ಕೆ ಬರುವಷ್ಟು ನೀರು. ಡ್ರಮ್ಮಿಗೆ ಹಾಕಿ ಮುಚ್ಚಿ ಒಂದೂವರೆ ದಿನ ನೆರಳಲ್ಲಿಡಿ. ಮುಚ್ಚಳ ಬಿಗಿ ಬೇಡ, ಗಾಳಿ ಹೊರಹೋಗಬೇಕು. ತೆಗೆದಾಗ ದೋಸೆ ಹಿಟ್ಟಿನ ಹುಳಿ ವಾಸನೆ ಬಂದರೆ ಸರಿಯಾಗಿದೆ. ಕೊಳೆತ ವಾಸನೆ ಬಂದರೆ, ಬೂಷ್ಟು ಹಿಡಿದಿದ್ದರೆ ತಿಪ್ಪೆಗೆ ಹಾಕಿ, ಬೆಲ್ಲದ ಆಸೆಗೆ ಬೀಳಬೇಡಿ.

ಪ್ರೋಬಯೋಟಿಕ್ ಪುಡಿ, ಅಂದರೆ ಒಳ್ಳೆಯ ಬ್ಯಾಕ್ಟೀರಿಯಾ ಇರುವ ಪುಡಿ, ಕೊಳ್ಳುವುದಾದರೆ ಪೊಟ್ಟಣದ ಮೇಲೆ ಬ್ಯಾಸಿಲಸ್ ಜಾತಿಯ ಹೆಸರು, ಗ್ರಾಂಗೆ ಎಷ್ಟು ಜೀವಿಗಳು, ಮುಗಿಯುವ ದಿನಾಂಕ ಇದೆಯಾ ನೋಡಿ. ಬ್ಯಾಸಿಲಸ್ ಬೀಜಕದ ರೂಪದಲ್ಲಿ ಇರುವುದರಿಂದ ಒಣಪುಡಿಯಲ್ಲೂ ಉಳಿಯುತ್ತದೆ. ಇದನ್ನು ಹೊಂಡಕ್ಕೆ ಎರಚಿದರೆ ಹೊಟ್ಟೆಗೆ ಹೋಗುವುದು ಅಷ್ಟಕ್ಕಷ್ಟೇ. ತಣ್ಣಗಾದ ಅಕ್ಕಿ ಗಂಜಿಯಲ್ಲಿ ಪುಡಿ ಕಲೆಸಿ, ಪೆಲೆಟ್ ಮೇವಿಗೆ ಸವರಿ, ನೆರಳಲ್ಲಿ ಅರ್ಧ ಗಂಟೆ ಆರಿಸಿ ಹಾಕಿ. ಬಿಸಿ ಗಂಜಿ ಬೇಡ, ಕ್ಲೋರಿನ್ ಹಾಕಿದ ನಲ್ಲಿ ನೀರೂ ಬೇಡ. ಇವು ಕರುಳಿನಲ್ಲಿ ಕಾಯಂ ಮನೆ ಮಾಡುವವರಲ್ಲ, ನಿಜವಾದ ಒಕ್ಕಲು ಬರುವ ತನಕ ಮನೆ ಕಾಯುವವರು. ಹಾಗಾಗಿ ಒಂದು ದಿನ ಹಾಕಿ ಬಿಟ್ಟರೆ ಪ್ರಯೋಜನವಿಲ್ಲ, ಎರಡು ವಾರ ಬಿಡದೆ ಕೊಡಬೇಕು.

ಈ ಎರಡು ವಾರ ಹೊಂಡವನ್ನು ಅದರ ಪಾಡಿಗೆ ಬಿಡಿ. ಬ್ಲೀಚಿಂಗ್ ಇಲ್ಲ, ಪೊಟ್ಯಾಶಿಯಂ ಪರ್ಮಾಂಗನೇಟ್ ಇಲ್ಲ, ತೂಕ ನೋಡಲು ದಿನ ಬಿಟ್ಟು ದಿನ ಬಲೆ ಎಳೆಯುವುದಿಲ್ಲ. ಪ್ರತಿ ಸಲ ಬಲೆ ಎಳೆದಾಗಲೂ ಒಂದು ಹೊಸ ಪೆಟ್ಟು. ಹೊಂಡಕ್ಕೆ ನೇರವಾಗಿ ಬೆಲ್ಲ ಸುರಿದರೆ ಅಮೋನಿಯಾ ಇಳಿಯುತ್ತದೆ ಅನ್ನುವುದೂ ನಿಜವೇ, ಬ್ಯಾಕ್ಟೀರಿಯಾ ಬೆಳೆಯುತ್ತಾ ಅದನ್ನು ತಿನ್ನುತ್ತವೆ. ಆದರೆ ಬೆಳೆಯಲು ಅವಕ್ಕೂ ಉಸಿರು ಬೇಕು. ಏರೇಟರ್ ಇಲ್ಲದವರು ಅದಕ್ಕೆ ಕೈ ಹಾಕಬೇಡಿ.

ಸರಿಹೋಗುತ್ತಿದೆಯಾ?

ಮೊದಲ ಗುರುತು ತೂಕವಲ್ಲ, ಮಲ. ನಾಲ್ಕೈದು ದಿನಕ್ಕೆ ಬಿಳಿ ದಾರ ಕಡಿಮೆಯಾಗಬೇಕು. ಒಂದು ಬಿಳಿ ಪ್ಲಾಸ್ಟಿಕ್ ತಟ್ಟೆಯನ್ನು ಮೇವಿನ ಚೀಲದ ಕೆಳಗೆ ಮುಳುಗಿಸಿ ಇಟ್ಟರೆ ಮೀನು ಹಿಡಿಯದೆಯೇ ಮಲ ನೋಡಬಹುದು. ಆಮೇಲೆ ಚೀಲ ಖಾಲಿಯಾಗುವ ಹೊತ್ತು ಹಿಂದಕ್ಕೆ ಸರಿಯುತ್ತದೆ. ಸಂಜೆ ಖಾಲಿಯಾಗುತ್ತಿದ್ದದ್ದು ಮಧ್ಯಾಹ್ನಕ್ಕೆ ಬರುತ್ತದೆ. ತೂಕ ನೋಡುವುದು ಮೂರು ವಾರದ ಮೇಲೆ.

ಹತ್ತು ದಿನವಾದರೂ ಬಿಳಿ ದಾರ ಹಾಗೇ ಇದ್ದರೆ, ಅಥವಾ ಕೊಯ್ದಾಗ ಕೆಂಪು ಕರುಳು ಕಂಡಿದ್ದರೆ, ಸೋಂಕಿನ ಪರೀಕ್ಷೆ ಆಗಲೇಬೇಕು. ನಿಮ್ಮ ತಾಲ್ಲೂಕಿನ ಮೀನುಗಾರಿಕೆ ಇಲಾಖೆಯ ಕಚೇರಿಯಲ್ಲಿ ಕೇಳಿ, ಎಲ್ಲಿಗೆ ಮಾದರಿ ಕಳಿಸಬೇಕು ಅಂತ ಹೇಳುತ್ತಾರೆ. ಮಂಗಳೂರಿನಲ್ಲಿ ಮೀನುಗಾರಿಕೆ ಕಾಲೇಜಿದೆ, ಬೆಂಗಳೂರಿನ ಹತ್ತಿರ ಹೆಸರಘಟ್ಟದಲ್ಲಿ ಸಿಹಿನೀರಿನ ಮೀನು ಕೃಷಿಯ ಸಂಶೋಧನಾ ಕೇಂದ್ರಗಳಿವೆ. ಹೋಗುವಾಗ ಸೊರಗಿದ ಜೀವಂತ ಮೀನು ನಾಲ್ಕನ್ನು ಆಮ್ಲಜನಕ ತುಂಬಿದ ಚೀಲದಲ್ಲಿ ಒಯ್ಯಿರಿ. ಇನ್ನೊಂದು ಬಾಟಲಿಯಲ್ಲಿ ಹೊಂಡದ ನೀರು, ಜೊತೆಗೆ ಆ ಡೈರಿ. ಮುಂಚೆ ಏನಾದರೂ ಪುಡಿ ಹಾಕಿದ್ದರೆ ನಾಚಿಕೆ ಬಿಟ್ಟು ಹೇಳಿ, ಖಾಲಿ ಪೊಟ್ಟಣವನ್ನೂ ಜೇಬಿನಲ್ಲಿ ಇಟ್ಟುಕೊಂಡು ಹೋಗಿ.